ಒಂದು ಪಾದದ ವಂಶಾವಳಿ

ಚೌಬಾರಾದ ನೆರಳು ಎಡಕ್ಕೆ ವಾಲಿದ ಹೊತ್ತು
ಲಾಡ್ಲೆಸಾಬ ಸಾಣೆಬಂಡಿ ನಿಲ್ಲಿಸಿ
ಬಲಗಾಲು ತುಳಿಹಲಗೆಗೆ ಹಚ್ಚುತ್ತಾನೆ.
ಚಕ್ರ ಒಮ್ಮೆ ಕೆಮ್ಮಿ ತಿರುಗತೊಡಗುತ್ತದೆ.
ಅವ್ವನ ಕೈಂಚಿ ಅವನ ಕೈಗಿಟ್ಟು ನಾನು
ಬೀಗದಂಗಡಿಯ ಕಟ್ಟೆಯ ಮೇಲೆ ಕಾಲು ಮಡಚಿ
ನೋಟುಬುಕ್ಕು ಬಿಚ್ಚುತ್ತೇನೆ.

ಕೈಂಚಿ: ಸಣ್ಣಾಕಿದ್ದಾಗ ನನಗದು
ಕೈ ಮತ್ತು ಅಂಚು ಕೂಡಿದ ಸಂಧಿ.
ಲೋಪವೋ ಆಗಮವೋ ಎಂದು ಗೆಳತಿಯ ಜಡೆ ಹಿಡಿದು ಜಗಳಾಡಿದ್ದೆ.
ಆಮೇಲೆ ತಿಳಿಯಿತು, ಅದು ಕುದುರೆಯ ಮೇಲೆ ಬಂದದ್ದು;
ತುರ್ಕರ ಬಾಯಿಂದ ಪಾರಸಿಗೆ, ಪಾರಸಿಯಿಂದ ದರ್ಜಿಗಳ ಓಣಿಗೆ,
ಮೂಗಿಗೊಂದು ಸೊನ್ನೆಯನ್ನು
ದಾರಿಯಲ್ಲೆಲ್ಲೋ ಸಿಕ್ಕಿಸಿಕೊಂಡು.
ಖಜಾಂಚಿ, ಮಶಾಲ್ಚಿ, ತೋಪಿನ ಹಿಂದಿನ ತೋಪ್ಚಿ,
ಎಲ್ಲರೂ ಕೋಟೆ ಇಳಿದು ಹೋದರು.
ಬಾಲದ ಆ ‘ಚಿ’ ಮಾತ್ರ ಬೀದರಿನ ಬಾಯಲ್ಲಿ
ಬಾಡಿಗೆ ಕೊಡದೆ ಉಳಿದುಬಿಟ್ಟಿತು.

ಆದರೆ ಎರವಲು ಬೇರೆ, ನೆತ್ತರು ಬೇರೆ.
ನಾನು ಹುಡುಕುತ್ತಿದ್ದದ್ದು ನೆತ್ತರು.

“ಅದಕ್” ಎಂದು ಗಟ್ಟಿಯಾಗಿ ಓದಿದೆ.
“ಯಾದಕ್ಕ್ರೀ?” ಅಂದ ಲಾಡ್ಲೆಸಾಬ.
“ಕಾಲಿಗೆ.”
“ಕಾಲಿಗೇನಾಗ್ಯಾದ?”

ಕಾಲಿಗೆ ಆದದ್ದು ಬಹಳ.
ಹದಿಮೂರು ನೂರು ವರ್ಷದ ಹಿಂದೆ
ಮರವಿಲ್ಲದ ಹುಲ್ಲುಬಯಲಲ್ಲಿ ಕಲ್ಲಿಗೆ ಕೊರೆದರು: ಅದಕ್, ಪಾದ.
ನಡುವಿನ ಆ ಒಂದು ದಕಾರದ ಮೇಲೆ
ಎಷ್ಟು ಜನಾಂಗಗಳ ಭಾರ!
ಪಡುವಣ ಸಮುದ್ರದವರೆಗೆ ನಡೆದವರಲ್ಲಿ ಅದು ಕರಗಿ ಯ: ಅಯಾಕ್.
ಸಯಾನ್ ಬೆಟ್ಟದ ಬುಡದಲ್ಲಿ ನಿಂತವರಲ್ಲಿ
ತುಂಬಿಯಂತೆ ಮೊರೆದು ಜ: ಅಜಾಖ್.
ಲೇನಾ ನದಿ ಹೆಪ್ಪುಗಟ್ಟುವಲ್ಲಿ ಸೆಟೆದು ತ: ಅತಾಖ್.
ವೋಲ್ಗಾ ದಂಡೆಯ ಚುವಾಶರಲ್ಲಿ ರ,
ಕೊನೆಯ ಕಕಾರವೂ ಉದುರಿ
ಉರಾ.

ಉರಾ! ಯಾರು ನಂಬಬೇಕು?
ನಂಬಲೇಬೇಕು. ಪಾಲು ಹಾಲಾದಾಗ
ಪಲ್ಲು ಹಲ್ಲಾಯಿತು, ಪೂವು ಹೂವಾಯಿತು;
ಒಂದು ಮನೆಯಲ್ಲ, ಇಡೀ ಓಣಿಯೇ
ಒಂದೇ ರಾತ್ರಿ ಸಾಮಾನು ಕಟ್ಟಿದ ಹಾಗೆ.
ಹಾಗೆ ಕಟ್ಟಿದರೆ ಮಾತ್ರ ಅದು ನಿಯಮ.

ಅದೇ ಪುಟದ ಅಂಚಿನಲ್ಲಿ, ಹೋದ ಚಳಿಗಾಲ,
ಎದೆ ಹೊಡೆದುಕೊಳ್ಳುತ್ತಿರಲು ಬರೆದಿದ್ದೆ:
ಅದಕ್. ಅಡಿ.
ಪಾದಕ್ಕೆ ಪಾದ! ಅವರೂ ನಮ್ಮಂತೆಯೇ
ಮನೆಗೆ ‘ಗಳು’ ಹಚ್ಚಿ, ‘ಅಲ್ಲಿ’ ಹಚ್ಚಿ,
ಕ್ರಿಯಾಪದವನ್ನು ಪಂಕ್ತಿಯ ಕೊನೆಗೆ ಕೂರಿಸುವವರು.
ಇನ್ನೇನು ಬೇಕು?
ಧೂಳಪ್ಪ ಮಾಸ್ತರರು ಹುಮನಾಬಾದಿನಿಂದ
ಕೆಂಪು ಶಾಯಿಯಲ್ಲಿ ಕಾರ್ಡು ಬರೆದರು:
“ಹೋಲಿಕೆ ಸಾಕ್ಷಿಯಲ್ಲ ತಂಗಿ. ಇನ್ನೊಂದು ಜೋಡಿ ತೋರಿಸು,
ಇನ್ನೂ ಹತ್ತು ತೋರಿಸು.”
ತೋರಿಸಲಾಗಲಿಲ್ಲ.

ಲಾಡ್ಲೆಸಾಬನಿಗೆ ಇಷ್ಟನ್ನೂ ಹೇಳಿದೆ.
ಕಿಡಿಗಳ ಆಚೆಯಿಂದ ಕೇಳಿಸಿಕೊಂಡು, ಕಾಲು ನಿಲ್ಲಿಸದೆ ಅಂದ:
“ಒಂದ ಕಾಲಿಲೇ ಚಕ್ರ ತಿರಗತಾದ್ರಿ ಬಾಯಿ,
ನಡೀಲಿಕ್ಕೆ ಎರಡು ಬೇಕು.”

ಮುಖ ಹೋಲುವ ಅಡಿ ನೆಂಟನಲ್ಲ.
ಮುಖವೇ ಗುರುತು ಸಿಗದ ಉರಾ
ಒಡಹುಟ್ಟಿದವಳು.
ಇದನ್ನು ಬರೆಯಲು ನನಗೆ ಮೂರು ತಿಂಗಳು ಹಿಡಿಯಿತು,
ಬರೆದ ಮೇಲೂ ಪೆನ್ನಿನ ಕ್ಯಾಪು ಹಾಕಲು ಮನಸ್ಸಾಗಲಿಲ್ಲ.

ಅವನು ಕೈಂಚಿಯನ್ನು ಬಿಸಿಲಿಗೆ ಹಿಡಿದು ನೋಡಿದ.
“ಹಳೇದದ. ಸಾಣೆ ಹಿಡದಷ್ಟೂ ಸವೀತದ,
ಸವದಷ್ಟೂ ಕಡೀತದ.”
ಪರೀಕ್ಷೆಗೆ ಒಂದು ಚೂರು ಕಾಗದ ಕೇಳಿದ.
ಆ ಅಂಚನ್ನೇ ಹರಿದು ಕೊಟ್ಟೆ.
ಸದ್ದಿಲ್ಲದೆ ಎರಡಾಯಿತು.

ಇಪ್ಪತ್ತು ರೂಪಾಯಿ ಕೊಟ್ಟು ಎದ್ದೆ.
ಜೋಮು ಹಿಡಿದ ಬಲಗಾಲು
ನಾನು ಯಾರೋ ಎಂಬಂತೆ ಕಟ್ಟೆಗೇ ಅಂಟಿತ್ತು.
ತಟ್ಟಿದೆ, ತಿಕ್ಕಿದೆ,
ಅದರ ಐದೂ ಹೆಸರು ಹಿಡಿದು ಕರೆದೆ.
ಯಾವುದಕ್ಕೆ ಓಗೊಟ್ಟಿತೋ,
ಇರುವೆಗಳು ಒಂದೊಂದಾಗಿ ಇಳಿದು ಹೋದವು.